ಆಯುಧಪೂಜೆಗೆ ರಜೆ ಸಿಗದ ಕಂಪ್ಯೂಟರ್

ಕಳೆದ ವಾರ ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ರಜೆ. ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ, ಕೊನೆಗೆ ಈಳಿಗೆಮಣೆಗೂ. ರಜೆ ಸಿಗದೆ ದುಡಿಯುತ್ತಿದ್ದದ್ದು ನನ್ನ ಕಂಪ್ಯೂಟರ್ ಒಂದೇ.

ಅಮ್ಮ ಅದರ ಮುಂದೆ ನಿಂತಿದ್ದರು. ಕೈಯಲ್ಲಿ ಕುಂಕುಮದ ಬಟ್ಟಲು.

“ಆರಿಸೇ ಅದನ್ನ. ಪೂಜೆ ಆದ್ಮೇಲೆ ನಾಳೆ ಬೆಳಗ್ಗೆವರೆಗೂ ಮುಟ್ಟೋ ಹಾಗಿಲ್ಲ.”

“ಇವತ್ತೊಂದಿನ ಬೇಡಮ್ಮ. ಅದು ಲೆಕ್ಕ ಮಾಡ್ತಿದೆ.”

“ಈಳಿಗೆಮಣೆಗೇ ರಜ ಕೊಟ್ಟಿದೀನಿ. ನಿನ್ನ ಕಂಪ್ಯೂಟರ್ ಏನು ಅದಕ್ಕಿಂತ ದೊಡ್ಡ ಮನುಷ್ಯನಾ?”

(ಬಸವನಗುಡಿಯ ನಮ್ಮ ಮನೆಯಲ್ಲಿ ಇಂಥ ವಿಷಯಕ್ಕೆ ಅಪೀಲು ಇಲ್ಲ.)

ಏನು ಲೆಕ್ಕ ಎಂದು ನಿಮಗೂ ಹೇಳಬೇಕು. ನಾವು ಪತ್ರ ಟೈಪ್ ಮಾಡುವಾಗ, ಊಟಕ್ಕೆ ಎದ್ದು ಹೋದಾಗ, ಕಂಪ್ಯೂಟರಿನ ಶಕ್ತಿಯ ಬಹುಪಾಲು ಸುಮ್ಮನೆ ಕೂತಿರುತ್ತದೆ. ಆ ಬಿಡುವನ್ನು ವೈದ್ಯಕೀಯ ಸಂಶೋಧನೆಗೆ ದಾನ ಕೊಡಬಹುದು. ವಿಜ್ಞಾನಿಗಳು ಒಂದು ಭಾರಿ ಲೆಕ್ಕವನ್ನು ಚೂರು ಚೂರು ಮಾಡಿ, ಇಂಟರ್ನೆಟ್ಟಿನ ಮೂಲಕ ಲೋಕದ ಮನೆಮನೆಗೆ ಹಂಚುತ್ತಾರೆ. ಪ್ರತಿ ಮನೆಯ ಕಂಪ್ಯೂಟರ್ ತನ್ನ ಚೂರನ್ನು ಬಿಡಿಸಿ ವಾಪಸ್ ಕಳಿಸುತ್ತದೆ. ನನ್ನ ಪಾಲಿಗೆ ಬಂದದ್ದು ಪ್ರೋಟೀನುಗಳ ಲೆಕ್ಕ. ನಮ್ಮ ಮೈಯೊಳಗೆ ಅವು ಹೇಗೆ ಮಡಚಿಕೊಳ್ಳುತ್ತವೆ, ಎಲ್ಲಿ ತಪ್ಪಾಗಿ ಮಡಚಿಕೊಂಡು ಕಾಯಿಲೆ ತರುತ್ತವೆ ಎನ್ನುವುದು.

ವಾಪಸ್ ಕಳಿಸಲು ಗಡುವಿರುತ್ತದೆ. ಆ ವಾರವೆಲ್ಲ ಕರೆಂಟ್ ಹೋಗಿ ಬಂದು ನಾವು ಹಿಂದೆ ಬಿದ್ದಿದ್ದೆವು. ಗಡುವು ಅವತ್ತೇ ಸಂಜೆ. ಆರಿಸಿದರೆ ಆ ಚೂರು ಬೇರೆ ಯಾರದೋ ಪಾಲು. ಅಷ್ಟು ದಿನದ ದುಡಿಮೆ ದಂಡ.

ಮಾವಳ್ಳಿಯಿಂದ ಹಬ್ಬದ ಊಟಕ್ಕೆ ಬಂದಿದ್ದ ಸೋದರಮಾವ ನಕ್ಕರು. “ಯಾರೋ ಎಲ್ಲೋ ಕೂತು ನಿನ್ ಕಂಪ್ಯೂಟರ್‌ನ ಬಿಟ್ಟಿ ದುಡಿಸ್ಕೊಳ್ತಿದಾರೆ. ನೀನು ಹಬ್ಬದ ದಿನ ಅಮ್ಮನ ಹತ್ರ ಬೈಸ್ಕೊಳ್ತಿದೀಯ. ಅಂಥಾದ್ದೇನಮ್ಮಾ ಅವಸರ?”

ಹೇಳಲೇಬೇಕಿತ್ತು. ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಡದ ಮಾತು ಹೊರಗೆ ಬರುತ್ತಿತ್ತು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಕಂಪಾಸಿಲ್ಲದೆ ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದ ಅವರ ಬಲಗೈ ಈಗ ನಡುಗುತ್ತದೆ. ಪಾರ್ಕಿನ್ಸನ್ ಎಂದು ಡಾಕ್ಟರು ಹೇಳಿದ ಮೇಲೆ ಆ ಪದವನ್ನು ನಾವು ಹೊಸ್ತಿಲಿನ ಆಚೆಯೇ ನಿಲ್ಲಿಸಿದ್ದೆವು. ಕಾಫಿ ಚೆಲ್ಲಿದರೆ ಅಮ್ಮ ಲೋಟವನ್ನು ಬೈಯುತ್ತಿದ್ದರು. ನಾನು ನೋಡದವಳಂತೆ ಪೇಪರ್ ಓದುತ್ತಿದ್ದೆ. ಇದು ಮರ್ಯಾದೆಯೋ, ಹೆದರಿಕೆಯೋ?

“ಅಪ್ಪನ ಕೈಗೋಸ್ಕರ,” ಎಂದೆ. “ಪಾರ್ಕಿನ್ಸನ್‌ನಂಥ ಕಾಯಿಲೆ ಯಾಕೆ ಬರುತ್ತೆ ಅಂತ ಹುಡುಕೋರಿಗೆ ಈ ಲೆಕ್ಕ ಬೇಕು.”

ಮಾವ ಗೋಡೆ ನೋಡಿದರು. ಅಮ್ಮ ಕುಂಕುಮದ ಬಟ್ಟಲು ನೋಡಿದರು. ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಅಪ್ಪ ಮಾತ್ರ ಸ್ಕ್ರೀನ್ ನೋಡಿದರು, ತಿದ್ದಲು ಉತ್ತರಪತ್ರಿಕೆ ಬಂದ ಹಾಗೆ.

“ಇದ್ರಿಂದ ನಂಗೆ ಗುಣ ಆಗತ್ತಾ?”

“ಗೊತ್ತಿಲ್ಲಪ್ಪ. ಔಷಧಿ ಬರೋಕೆ ಇನ್ನೂ ಎಷ್ಟು ವರ್ಷ ಬೇಕೋ. ಬರದೇನೂ ಇರಬಹುದು.”

“ಸರಿ. ಸ್ಟೆಪ್ ಹಾರಿಸದೆ ಮಾಡ್ತಿದೆ ತಾನೆ?”

“ಹೂಂ.”

ಅವರು ಅಮ್ಮನ ಕಡೆ ತಿರುಗಿದರು. “ಕೇಳಿಸ್ತೇನೇ? ಹಬ್ಬ ಅಂತ ನನ್ನ ಕೈ ನಡುಗೋದು ನಿಲ್ಸಿದ್ಯಾ? ಅದಕ್ಕೆ ರಜ ಇಲ್ಲ ಅಂದ್ರೆ ಇದಕ್ಕೂ ಇಲ್ಲ.”

ಅಮ್ಮ ಕಂಪ್ಯೂಟರಿನ ಹಿಂದೆ ಫ್ಯಾನಿಗೆ ಅಡ್ಡವಾಗಿದ್ದ ಚೆಂಡುಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿ, “ಓಡ್ತಿರೋದಕ್ಕೆ ಸೆಕೆ ಆಗಲ್ವೇನೇ?” ಎಂದು ನನ್ನನ್ನೇ ಗದರಿದರು. ಕುಂಕುಮ ಇಟ್ಟದ್ದು ಅಪ್ಪ. ಬೊಟ್ಟು ಸೊಟ್ಟಗಾಯಿತು. ಯಾರೂ ಒರೆಸಿ ತಿದ್ದಲಿಲ್ಲ.

ಸಂಜೆ ಲೆಕ್ಕ ಮುಗಿಯಿತು. ಮೋಡೆಮ್ ಕಿರುಚಿತು, ಫೋನ್ ಎಂಗೇಜ್ ಆಯಿತು, ಚೂರು ಹೊರಟಿತು.

“ಹೋಯ್ತಾ ನಮ್ದು?” ಎಂದರು ಅಪ್ಪ.

ನಮ್ದು! ನನಗೆ ರ್‍ಯಾಂಕ್ ಬಂದಾಗಲೂ ಅವರ ದನಿಯಲ್ಲಿ ಇಷ್ಟು ಹೆಮ್ಮೆ ಕೇಳಿರಲಿಲ್ಲ. (ಹೊಟ್ಟೆಕಿಚ್ಚಿಲ್ಲ. ಆ ಹೆಮ್ಮೆ ನನ್ನದೂ ಹೌದು.) ಔಷಧಿ ಯಾವಾಗ ಬರುತ್ತದೋ, ಯಾರಿಗೆ ಸಿಗುತ್ತದೋ. ಅದರ ಲೆಕ್ಕದಲ್ಲಿ ಒಂದು ಚೂರು ಮಾತ್ರ ಬಸವನಗುಡಿಯ ನಮ್ಮ ನಡುಮನೆಯಲ್ಲಿ ಆದದ್ದು.

ಈಗ ಅಪ್ಪ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರಿಗೆ ತಾವಾಗಿಯೇ ಹೇಳುತ್ತಿದ್ದಾರಂತೆ: “ನಂಗೆ ಪಾರ್ಕಿನ್ಸನ್ ಕಣ್ರೀ. ನಮ್ಮನೆ ಕಂಪ್ಯೂಟರ್ ಅದರ ಮೇಲೆ ಕೆಲಸ ಮಾಡ್ತಿದೆ. ನಿಮ್ಮನೇದು ಏನ್ಮಾಡ್ತಿದೆ?”