ಜ್ವರ ಮೊದಲೋ, ಫಿಟ್ಸ್ ಮೊದಲೋ

ಮಾರನೆಯ ದಿನ ಬೆಂಗಳೂರಿನ ನರರೋಗ ತಜ್ಞರು ಮಗಳನ್ನು ನೋಡುವವರಿದ್ದರು. ತೊಂಬತ್ತರ ದಶಕದ ಕೊನೆ ಇರಬೇಕು, ಖಚಿತವಾಗಿ ಹೇಳಲಾರೆ. ನಾಲ್ಕು ವರ್ಷದವಳು ಕಲಿತ ಮಾತುಗಳನ್ನು ಒಂದೊಂದಾಗಿ ಬಿಡುತ್ತಿದ್ದಳು. ಎಡಗಾಲು ಎಳೆಯುತ್ತಿತ್ತು. ಹಾಸನದ ವೈದ್ಯರು ಕಳಿಸುವಾಗ, "ಮೊದಲ ಸಲ ಫಿಟ್ಸ್ ಬಂದಾಗ ಜ್ವರ ಇತ್ತೋ ಇಲ್ಲವೋ, ಸರಿಯಾಗಿ ನೆನಪು ಮಾಡ್ಕೊಂಡು ಹೋಗಿ. ಅದನ್ನೇ ಮೊದಲು ಕೇಳ್ತಾರೆ" ಎಂದಿದ್ದರು.

ನೆನಪು ಮಾಡಿಕೊಳ್ಳುವುದೇನಿದೆ? ಜ್ವರ ಏರಿತ್ತು, ಆಮೇಲೆ ಫಿಟ್ಸ್. ಜ್ವರದ ಫಿಟ್ಸ್ ಮಗು ಬೆಳೆಯುತ್ತ ತಾನಾಗಿ ನಿಲ್ಲುತ್ತದೆ ಎಂದು ಓದಿದ್ದೆ. ಬೇರೇನನ್ನೂ ನಂಬದ ನಾನು ಅದೊಂದನ್ನು ನಂಬಿಕೊಂಡಿದ್ದೆ.

ಸಂಜೆ ಹೆಂಡತಿ ಮಗುವಿನ ಬಟ್ಟೆ ಮಡಿಸುತ್ತ, "ಜ್ವರ ಎಲ್ಲಿತ್ತು?" ಎಂದಳು. "ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸ್ತಿದ್ವಿ ಕಣ್ರೀ. ಇವಳು ಒಂದೊಂದೇ ಕಾಯಿ ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಗಡಗಡ ಅಂದ್ರೆ ನಗ್ತಿದ್ಲು. ಹಂಗೇ ಕೈ ಸೆಟೆದುಕೊಳ್ತು. ಮೈ ತಣ್ಣಗಿತ್ತು."

"ಇಲ್ಲ, ನಾನೇ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೆ."

"ನೀವೆಲ್ಲಿದ್ರಿ? ಅರಸೀಕೆರೆ ಕಾಲೇಜಲ್ಲಿ ಪಾಠ ಮಾಡ್ತಿದ್ರಿ."

ಆ ಬಟ್ಟೆಯ ಅಂಚು ಕೂಡ ನನ್ನ ಕಣ್ಣಿಗೆ ಕಟ್ಟಿತ್ತು. ಅದು ಬೇರೆ ಯಾವ ದಿನದ್ದೋ.

ಅಮ್ಮ ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದಳು. ಕೇಳಿದೆ.

"ಜ್ವರ ಅಂತಲೇ ಅನ್ನು," ಎಂದಳು ತಲೆಯೆತ್ತದೆ. "ಹೆಣ್ಣು ಮಗ. ಸುಮ್ಸುಮ್ನೆ ಬತ್ತದೆ ಅಂದ್ರೆ ನಾಳೆ ಯಾವನ್ಲಾ ಮದ್ವೆ ಆಯ್ತಾನೆ? ಜ್ವರದಾಗೆ ಬಂತು ಅಂದ್ರೆ ಯಾರೂ ಕೆದಕಾಕಿಲ್ಲ."

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೀಗಾದರೆ ಊರಿಗೆಲ್ಲ ಹಾಗೇ ಹೇಳುವುದು. ಅಮ್ಮ ಅಕ್ಕಪಕ್ಕದವರಿಗೆ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಅದು ನಾನೇ ಕಂಡದ್ದಾಗಿ ಹೋಗಿತ್ತು. ಕಂಡ ವೈದ್ಯರಿಗೆಲ್ಲ ಅದನ್ನೇ ಒಪ್ಪಿಸಿದ್ದೆ. ಅವರು ಕೊಟ್ಟ ಮಾತ್ರೆಗಳೂ ಆ ಮಾತನ್ನು ನಂಬಿಯೇ ಬಂದಿದ್ದವು.

"ಅಮ್ಮಾ, ಅವರು ಹೆಣ್ಣು ನೋಡೋಕೆ ಬಂದವರಲ್ಲ, ಡಾಕ್ಟರು."

"ಡಾಕ್ಟ್ರಿಗೂ ಬಾಯಿ ಐತಲ್ಲ."

"ಕಿವೀನೂ ಇದೆ ಅತ್ತೆ," ಹೆಂಡತಿ ಒಳಗಿನಿಂದಲೇ ಅಂದಳು.

ಮಗಳು ಬಂದು ಅಜ್ಜಿಯ ಮಂಡಿ ಹಿಡಿದು ಏನೋ ಕೇಳಲು ಹೋದಳು. ಪದ ಸಿಗದೆ ಬಾಯಿ ತೆರೆದೇ ನಿಂತಳು. ಅಮ್ಮ ಮೊರ ಬದಿಗಿಟ್ಟಳು.

"ನಾನೂ ಬತ್ತೀನಿ. ಡಾಕ್ಟ್ರಿಗೆ ನಾನೇ ಹೇಳ್ತೀನಿ, ಬ್ಯಾರೆ ಯಾರೂ ಇಲ್ದಾಗ."

ಏನು ಹೇಳುತ್ತಾಳೆಂದು ಕೇಳಬೇಕಾಗಲಿಲ್ಲ. ಜ್ವರ ಇದ್ದಿದ್ದರೆ ಅವಳು ಅಷ್ಟು ದೂರ ಬರುವ ಅಗತ್ಯವೇ ಇರಲಿಲ್ಲ. ಹೆಂಡತಿ ಅತ್ತೆಯ ಸೀರೆಯೊಂದನ್ನು ತಂದು ಚೀಲಕ್ಕೆ ಸೇರಿಸಿದಳು.