ಪಿಂಗಾಣಿ ತಟ್ಟೆಯಲ್ಲಿ ಅಪ್ಪನ ಊಟ

ಎಪ್ಪತ್ತರ ದಶಕದ ಕೊನೆ. ನನ್ನ ಮದುವೆಯಾದ ಮೇಲೆ ಅಪ್ಪ ಮೊದಲ ಸಲ ಜಗಳೂರಿನಿಂದ ಚನ್ನಗಿರಿಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅವರು ಹೊಟ್ಟೆ ತುಂಬ ಉಣ್ಣಬೇಕೆಂದು ಬೆಳಗಿನಿಂದ ನನಗೆ ಚಡಪಡಿಕೆ. ಹೂವಿನ ಚಿತ್ರದ ಹೊಸ ಪಿಂಗಾಣಿ ತಟ್ಟೆಯಲ್ಲೇ ಬಡಿಸಿದೆ. ಅಪ್ಪ ಒಂದೇ ರೊಟ್ಟಿಗೆ ಸಾಕೆಂದರು.

ಉಂಡ ತಟ್ಟೆ ತೊಳೆದು ಆ ನೀರು ಕುಡಿಯುವುದು ನಮ್ಮವರ ರೂಢಿ. ಅಪ್ಪ ಆ ಚಪ್ಪಟೆ ತಟ್ಟೆಯನ್ನು ಎತ್ತಿದರೆ ನೀರೆಲ್ಲ ಅಂಗಿಯ ಮೇಲೆ ಚೆಲ್ಲಿತು.

“ಎಲ್ಲಿ ಒಡೆದೀತೋ ಅಂತ ಉಣ್ಣಾಕೇ ಆಗ್ಲಿಲ್ಲವ್ವ,” ಎಂದರು.

“ನೀರು ಕುಡೀಲಿಲ್ಲ ಅಂದ್ರೆ ಊಟ ಮುಗೀಲಿಲ್ಲ ಬಿಡ್ರಿ, ಬೀಗರೇ!” ಎಂದು ಅತ್ತೆ ನಗುತ್ತ ಎತ್ತರದ ಅಂಚಿನ ಕಂಚಿನ ಗಂಗಾಳ ತಂದಿಟ್ಟರು.

ಅಪ್ಪ ಮತ್ತೆ ಮೂರು ರೊಟ್ಟಿ ಉಂಡರು. ನಾನು ಪಿಂಗಾಣಿ ತಟ್ಟೆ ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದೆ.