ಕೋಣ ಅಂದರೆ ಬಾಯಿ ಮುಚ್ಚು

ನಾವು ಅಹಮದಾಬಾದಿಗೆ ಬಂದು ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಬಾಲಮಂದಿರದಿಂದ ಮನೆಗೆ ಬಂದ ಮಗಳ ಫ್ರಾಕಿಗೆ ಪಿನ್ನಿನಿಂದ ಒಂದು ಚೀಟಿ ಚುಚ್ಚಿದ್ದರು. ಚೀಟಿ ಗುಜರಾತಿಯಲ್ಲಿತ್ತು. ಊರಿನಲ್ಲಿ ಪರೀಕ್ಷೆ ಕಟ್ಟಿ ಕಲಿತ ನನ್ನ ಹಿಂದಿ ಅಲ್ಲಿ ಅರ್ಧವೂ ಕೆಲಸಕ್ಕೆ ಬರುತ್ತಿರಲಿಲ್ಲ. ಅದೇ ಒಂದು ಉರಿ ನನಗೆ. ಪಕ್ಕದ ಮನೆಯಾಕೆ ಉಯ್ಯಾಲೆಯ ಮೇಲೆ ಕೂತು ಚೀಟಿ ಓದಿ, ಹಿಂದಿಯಲ್ಲಿ ಅರ್ಥ ಹೇಳಿದರು. ನಿಮ್ಮ ಹುಡುಗಿ ತರಗತಿಯಲ್ಲಿ ಬಹಳ ತಂಟೆ ಮಾಡುತ್ತಾಳೆ. ಕೇಳಿದರೆ ತಾನೇ ಒಪ್ಪಿಕೊಳ್ಳುತ್ತಾಳೆ. ಆದರೂ ಬಿಡುವುದಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕೂವರೆ ವರ್ಷದ ನನ್ನ ಮಗಳು ತಂಟೆ ಮಾಡುವವಳಾಗಿದ್ದರೆ ನನಗಿಂತ ಮೊದಲು ಯಾರಿಗೆ ಗೊತ್ತಾಗಬೇಕಿತ್ತು? ಕೂರಿಸಿದ ಕಡೆ ಕೂರುವ ಮಗು ಅದು. ಎದುರಿಗೆ ಕೂರಿಸಿಕೊಂಡು ಕೇಳಿದೆ.

"ಬೇನ್ ದಿನಾ ಕೋಣ ಕೋಣ ಅಂತಾರಮ್ಮ. ಆಮೇಲೆ ನನ್ನ ಮೂಲೇಲಿ ನಿಲ್ಲಿಸ್ತಾರೆ" ಎಂದಳು.

ಬೇನ್ ಎಂದರೆ ಅವಳ ಟೀಚರು. ಆ ಊರಿನಲ್ಲಿ ಎಲ್ಲ ಹೆಂಗಸರೂ ಬೇನ್. ಹೆತ್ತ ಮಗುವನ್ನು ಕೋಣ ಎಂದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಸಂಜೆ ಗಂಡ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ನಾಳೆಯೇ ಹೋಗಿ ಆ ಬೇನ್‌ಗೆ ಬಿಸಿ ಮುಟ್ಟಿಸಿ ಬರುತ್ತೇನೆ ಎಂದೆ.

ಅವರು ನಗತೊಡಗಿದರು. "ಇಲ್ಲಿ ಕೋಣ ಅಂದ್ರೆ ಯಾರು ಅಂತ ಅರ್ಥ ಕಣೇ. ನಮ್ಮ ಲ್ಯಾಬಲ್ಲಿ ಫೋನ್ ಎತ್ತಿದವರೆಲ್ಲ ಹಾಗೇ ಕೇಳೋದು."

"ಇಷ್ಟು ದಿನ ಗೊತ್ತಿದ್ದೂ ನಂಗೊಂದು ಮಾತು ಹೇಳ್ಲಿಲ್ವಲ್ರೀ?"

"ನೀನು ಕೇಳ್ಲಿಲ್ಲ" ಎಂದು ಟವಲು ಹಿಡಿದು ಬಚ್ಚಲಿಗೆ ಹೋದರು. ಈ ವಿಜ್ಞಾನಿಗಳ ಜೊತೆ ಸಂಸಾರ ಮಾಡಿದವರಿಗೇ ಗೊತ್ತು ಆ ಕಷ್ಟ.

ಕೋಣನ ಸಮಸ್ಯೆ ಮುಗಿಯಿತು, ತಂಟೆಯದು ಮುಗಿಯಲಿಲ್ಲ. ಮುಂದಿನ ಗುರುವಾರ ಬಾಲಮಂದಿರದಲ್ಲಿ ನನ್ನ ಸರದಿಯಿತ್ತು. ಪ್ರತಿ ಗುರುವಾರ ಒಬ್ಬ ತಾಯಿ ಬಂದು ಕೈಜೋಡಿಸಬೇಕೆಂಬುದು ಅಲ್ಲಿಯ ನಿಯಮ. ಕೈಜೋಡಿಸುವುದು ಎಂದರೇನು ಅಂತೀರಿ? ಹಿತ್ತಲಿನ ಬೇವಿನ ಮರದ ಕೆಳಗೆ ಕೂತು ಬಟಾಣಿ ಸುಲಿಯುವುದು, ಹಿತ್ತಾಳೆ ಲೋಟ ತೊಳೆಯುವುದು, ಮಕ್ಕಳ ತಿಂಡಿಗೆ ಮಂಡಕ್ಕಿ ಕಲಸುವುದು. ತರಗತಿಯೊಳಗೆ ಕಾಲಿಡುವ ಹಾಗಿಲ್ಲ. ತಾಯಂದಿರು ಒಳಗೆ ಬಂದರೆ ಮಕ್ಕಳ ಗಮನ ಕೆಡುತ್ತದಂತೆ. ಎರಡು ಡಿಗ್ರಿ ತೆಗೆದುಕೊಂಡು ಅಷ್ಟು ದೂರ ಬಂದು ಬಟಾಣಿ ಸುಲಿದವಳು ನಾನು.

ಬಟಾಣಿಯ ಬುಟ್ಟಿಯನ್ನು ಮೆಲ್ಲಗೆ ಕಿಟಕಿಯ ಕೆಳಕ್ಕೆ ಸರಿಸಿಕೊಂಡೆ. ಒಳಗೆ ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೇನ್ ಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಪಿಸುಪಿಸು ಎದ್ದಿತು. ಅವರು ತಿರುಗದೆಯೇ ಕೇಳಿದರು: "ಕೋಣ ವಾತೋ ಕರೇ ಛೇ?" ಯಾರು ಮಾತಾಡುತ್ತಿರುವುದು ಎಂದು. ಪಿಸುಗುಟ್ಟುತ್ತಿದ್ದ ಎರಡು ಜಡೆಗಳು ತಟ್ಟನೆ ಬೇರೆಯಾದವು. ಯಾರೂ ಉಸಿರೆತ್ತಲಿಲ್ಲ. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ನನ್ನ ಮಗಳು ಸ್ಪಷ್ಟವಾಗಿ, ವಿಧೇಯಳಾಗಿ ಅಂದಳು: "ಹ್ಞೂಂ."

ಗುಜರಾತಿಯಲ್ಲಿ ಹುಂ ಎಂದರೆ ನಾನು.

ನನ್ನ ಕೈಯಲ್ಲಿದ್ದ ಬಟಾಣಿ ಕಾಯಿ ಹಾಗೇ ಉಳಿಯಿತು. ಅವಳಿಗೆ ಹ್ಞೂಂಗುಟ್ಟುವುದನ್ನು ಕಲಿಸಿದವಳು ನಾನೇ. ನಮ್ಮ ಮನೆಯಲ್ಲಿ ಕಥೆ ಹೇಳುವವರಿಗೆ ಕೇಳುವವರು ವಾಕ್ಯಕ್ಕೊಂದು ಹ್ಞೂಂ ಕೊಡಬೇಕು, ಇಲ್ಲದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ದೊಡ್ಡವರು ಮಾತಾಡಿದರೆ ಗೋಡೆಯ ಹಾಗೆ ಕೂರಬಾರದು, ಹ್ಞೂಂ ಅನ್ನಬೇಕು ಎಂದು ಮೂರು ವರ್ಷದಿಂದ ಹೇಳುತ್ತ ಬಂದಿದ್ದೆ. ಮಗು ಟೀಚರಿಗೂ ಅದೇ ಮರ್ಯಾದೆ ಕೊಡುತ್ತಿತ್ತು. ಆ ಮರ್ಯಾದೆಗೆ ಪ್ರತಿಯಾಗಿ ಬೇನ್ ಮೂಲೆ ತೋರಿಸಿದರು. ಮಗು ಎದ್ದು, ತುಟಿಯ ಮೇಲೆ ಬೆರಳಿಟ್ಟುಕೊಂಡು ಮೂಲೆಗೆ ಹೋಗಿ ನಿಂತಿತು. ಯಾಕೆಂದು ಕೇಳಲೂ ಇಲ್ಲ. ನನಗೆ ಕಿಟಕಿಯ ಸರಳು ಕಿತ್ತು ಒಳಗೆ ನುಗ್ಗಬೇಕು ಎನಿಸಿತು.

ಬಿಡುವಿನಲ್ಲಿ ಬೇನ್‌ರ ಕೈಹಿಡಿದು ನಿಲ್ಲಿಸಿ ವಿವರಿಸಿದೆ. ನಮ್ಮ ಭಾಷೆಯಲ್ಲಿ ಹ್ಞೂಂ ಎಂದರೆ ಕೇಳಿಸಿಕೊಳ್ಳುತ್ತಿದ್ದೇನೆ ಎಂದು, ನಾನು ಎಂದಲ್ಲ. ಅರ್ಧ ಹಿಂದಿ, ಅರ್ಧ ಕೈಸನ್ನೆ. ಖಾದಿ ಸೀರೆಯ ಆಕೆ ಕೆಟ್ಟವರೇನಲ್ಲ. ನಕ್ಕರು, ನನ್ನ ಬೆನ್ನು ಸವರಿದರು. "ಘರಮಾಂ ಗುಜರಾತಿ ಬೋಲೋ, ಬೇನ್" ಎಂದರು. ಮನೆಯಲ್ಲಿ ನಾನು ಗುಜರಾತಿ ಮಾತಾಡಬೇಕಂತೆ! ಇಪ್ಪತ್ತು ಮಕ್ಕಳ ನಡುವೆ ಯಾವ ಹ್ಞೂಂ ಯಾವ ಭಾಷೆಯದೆಂದು ತಾನು ಹೇಗೆ ನೋಡುತ್ತಿರಲಿ, ಆ ಅಭ್ಯಾಸ ನೀವೇ ಬಿಡಿಸಿ ಎಂದೂ ಸೇರಿಸಿದರು. ಹಾಗೆಯೇ, ತಂಟೆಯ ಮಕ್ಕಳನ್ನು ದೊಡ್ಡ ಶಾಲೆಗೆ ಕಳಿಸುವಾಗ ತಾನು ಅದನ್ನು ಬರೆಯಬೇಕಾಗುತ್ತದೆ ಎಂದರು. ನಾನು ಮತ್ತೆ ಹೋಗಿ ಲೋಟ ತೊಳೆದೆ.

ಬಿಡಿಸಿದೆ. ಹೇಗೆ ಬಿಡಿಸಿದೆ ಎಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅಕ್ಕಿ ಆರಿಸುತ್ತ, ಜಡೆ ಹಾಕುತ್ತ, ಅನ್ನ ಕಲಸಿಕೊಡುತ್ತ, ಅವಳು ನಿರೀಕ್ಷಿಸದೆ ಇದ್ದಾಗ ತಟ್ಟನೆ "ಕೋಣ?" ಎನ್ನುತ್ತಿದ್ದೆ. ಅವಳು ಹ್ಞೂಂ ಅಂದರೆ ತೊಡೆಗೊಂದು ಸಣ್ಣ ಏಟು. ಬಾಯಿ ಮುಚ್ಚಿಕೊಂಡಿದ್ದರೆ ಮುತ್ತು.

"ಬೇನ್ ಕೋಣ ಅಂದ್ರೆ ಏನ್ಮಾಡ್ಬೇಕು?"

"ಬಾಯಿ ಮುಚ್ಕೋಬೇಕು."

"ಯಾರೇ ಕೋಣ ಅಂದ್ರೂ?"

"ಯಾರೇ ಅಂದ್ರೂ."

ಎರಡು ವಾರ ಹಿಡಿಯಿತು. ಅದರ ಜೊತೆಗೆ ಕಥೆಗೆ ಹ್ಞೂಂಗುಟ್ಟುವುದೂ ನಿಂತಿತು. ಹೋಗಲಿ, ಮೂಲೆಯಲ್ಲಿ ನಿಲ್ಲುವುದು ತಪ್ಪಿತಲ್ಲ ಎಂದುಕೊಂಡೆ. ಚೀಟಿಗಳು ಬರಲಿಲ್ಲ.

ಅಷ್ಟರಲ್ಲಿ ನಾನು ಇನ್ನೊಂದು ಜಗಳವನ್ನೂ ಗೆದ್ದೆ. ಬಟಾಣಿ ಸುಲಿಯಲು ತಾಯಂದಿರು ಬೇಕು, ಒಳಗೆ ಬರಲು ಬೇಡವೇ ಎಂದು ಮಗಳನ್ನು ಬಿಡಲು ಹೋದಾಗಲೆಲ್ಲ ಕೊರೆದು ಕೊರೆದು ಬೇನ್‌ರನ್ನು ಸುಸ್ತುಮಾಡಿದ್ದೆ. ಕೊನೆಗೆ ಒಪ್ಪಿದರು. ಗುರುವಾರ ಬಂದ ತಾಯಿ ಅರ್ಧ ಗಂಟೆ ಒಳಗೆ ಬಂದು ಮಕ್ಕಳಿಗೆ ಏನಾದರೂ ತೋರಿಸಲಿ ಎಂದರು. ಮೊದಲನೆಯವಳು ನಾನೇ. ನಾನು ರಂಗೋಲಿ ಹಾಕಿ ತೋರಿಸುವುದೆಂದಾಯಿತು. ಮಗಳು ಹಿಂದಿನ ದಿನವೆಲ್ಲ ಕುಣಿದಳು. ನಾನು ಮದುವೆಯ ಪೆಟ್ಟಿಗೆಯಿಂದ ನೀಲಿ ಮೈಸೂರು ರೇಷ್ಮೆ ತೆಗೆದೆ.

ಒಳಗೆ ಹೋದೆ. ಇಪ್ಪತ್ತು ಜೊತೆ ಕಣ್ಣು ನನ್ನ ಸೀರೆಯ ಮೇಲೆ. ಬೇನ್ ನನ್ನ ಭುಜದ ಮೇಲೆ ಕೈಯಿಟ್ಟು, ಮುಂದಿನ ಸಾಲಿನಲ್ಲಿದ್ದ ನನ್ನ ಮಗಳ ಕಡೆ ಬಾಗಿ, ಬಹಳ ಪ್ರೀತಿಯಿಂದ ಕೇಳಿದರು.

"ಆ ಕೋಣ ಛೇ?"

ಇವರು ಯಾರು? ಅಷ್ಟೇ. ಅಮ್ಮ ಎಂದಿದ್ದರೆ ಸಾಕಿತ್ತು. ಯಾವ ಭಾಷೆಯಲ್ಲಿ ಅಂದಿದ್ದರೂ ನಡೆಯುತ್ತಿತ್ತು.

ಅವಳು ತುಟಿ ಒಳಗೆಳೆದುಕೊಂಡಳು. ಬೇನ್ ಇನ್ನೊಮ್ಮೆ ಕೇಳಿದರು. ಕೆನ್ನೆ ಉಬ್ಬಿತು, ಬಾಯಿ ತೆರೆಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಬಹು ಶರಮಾಳ" ಎಂದು ಬೇನ್ ನನಗೆ ಸಮಾಧಾನ ಹೇಳಿದರು, ಬಹಳ ನಾಚಿಕೆಯ ಹುಡುಗಿ ಎಂದು. ಅವಳಿಗೆ ನಾಚಿಕೆ ಎಲ್ಲಿತ್ತು? ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು, ಸರಿಯಾಗಿ ಮಾಡಿದೆ ತಾನೇ ಎಂಬ ಹೆಮ್ಮೆಯಲ್ಲಿ.

ನಾನು ಅವಳ ತಾಯಿ ಎಂದು ಆ ಮಕ್ಕಳಿಗೆ ನಾನೇ ಹೇಳಬೇಕಾಯಿತು, ಅದೂ ತಪ್ಪು ಗುಜರಾತಿಯಲ್ಲಿ.